ಹಸಿವಿನ ಇಂಗ್ಲಿಷು, ಸಾಹೇಬರ ಷರಾ

ಇಂಗ್ಲಿಷ್ ಕಲಿಸುವ ಮಾಸ್ತರನ ಬೆನ್ನಿಗೆ ನಗೆ ಬಿದ್ದೇ ಇರುತ್ತದೆ. ಗಣಿತದವರಿಗಾಗಲಿ ಚರಿತ್ರೆಯವರಿಗಾಗಲಿ ಈ ಭಾಗ್ಯವಿಲ್ಲ. ನಮಗೆ ಮಾತ್ರ, ಬಸ್ಸಿಳಿದು ಊರೊಳಗೆ ಕಾಲಿಟ್ಟ ದಿನದಿಂದ ಬದಲಿ ಹುಕುಂ ಬರುವ ದಿನದವರೆಗೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ನಾಲ್ಕು ವರ್ಷ ಹಂಗಾಮಿ ಮಾಸ್ತರನಾಗಿದ್ದೆ. ಹಂಗಾಮಿ ಎಂದರೆ ವರ್ಷಕ್ಕೊಂದು ಊರು, ಊರಿಗೊಂದು ಬಾಡಿಗೆ ಖೋಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಊರಿಗೆ ನನ್ನ ಜೊತೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಒಂದು ಇಂಗ್ಲಿಷ್ ಶಬ್ದ ತಿರುಗಾಡಿದವು. ಆ ಶಬ್ದ ಅಪೆಟೈಟ್.

೧. ಇಂಡಿ: ಓಡಿಹೋದ ಕ್ಲಾಸು

ಟ್ರೇನಿಂಗ್ ಕಾಲೇಜಿನಲ್ಲಿ ನಮ್ಮ ಗುರುಗಳು ಒಂದು ಮಾತು ಹೇಳಿ ಕಳಿಸಿದ್ದರು. ಇಂಗ್ಲಿಷ್ ಶಬ್ದವನ್ನು ಒಂಟಿಯಾಗಿ ಕಲಿಸಬೇಡಿ, ಅದು ಯಾರ್ಯಾರ ಸಂಗಡ ಓಡಾಡುತ್ತದೆ ನೋಡಿ, ಜೋಡಿ ಸಮೇತ ಕಲಿಸಿ ಎಂದು. ಇಂಡಿಯಲ್ಲಿ ನನ್ನ ಮೊದಲ ಕ್ಲಾಸು ಇದ್ದದ್ದು ಊಟದ ಬಿಡುವಿನ ಮುಂಚಿನ ತಾಸಿಗೆ. ಯಾವ ಶಬ್ದದಿಂದ ಸುರು ಮಾಡೋಣ ಎಂದು ಕೇಳಿದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ, "ಹಸಿವಿ ಸರ್!" ಎಂದಿತು.

ಸರಿ, ಬೋರ್ಡಿನ ತುಂಬ ಬರೆದೆ. ಚೆನ್ನಾಗಿ ಹಸಿದರೆ ಗುಡ್ ಅಪೆಟೈಟ್. ಗಡದ್ದಾಗಿ ಹಸಿದರೆ ಹಾರ್ಟಿ ಅಪೆಟೈಟ್. ಹಸಿವು ಸತ್ತರೆ ಲಾಸ್ ಆಫ್ ಅಪೆಟೈಟ್. ಊಟಕ್ಕೆ ಮೊದಲು ಹಾಳುಮೂಳು ತಿಂದು ಹಸಿವು ಕೆಡಿಸಿಕೊಂಡರೆ ಸ್ಪಾಯ್ಲ್ ದಿ ಅಪೆಟೈಟ್.

"ಅಂದ್ರ, ರೊಟ್ಟಿ ಉಣ್ಣೂಕಿಂತ ಮೊದಲ ಬಿಸ್ಕೀಟ್ ತಿಂದಂಗ," ಎಂದು ಬಿಡಿಸಿ ಹೇಳಿದೆ.

ಹಿಂದಿನ ಸಾಲಿನವನೊಬ್ಬ ಎದ್ದು ನಿಂತ. "ಸರ್, ತಿಳೀಲಿಲ್ರಿ. ಬಿಸ್ಕೀಟ್ ತರಸ್ರಿ, ಒಮ್ಮಿ ಕೆಡಿಸ್ಕೊಂಡು ನೋಡತೇವಿ."

ಒಂದು ಜೋಡಿಗೆ ಮಾತ್ರ ಯಾರಿಗೂ ಉದಾಹರಣೆ ಸಿಗಲಿಲ್ಲ. ವ್ಹೆಟ್ ದಿ ಅಪೆಟೈಟ್. ಕುಡುಗೋಲನ್ನು ಕಲ್ಲಿಗೆ ಮಸೆದಂತೆ ಹಸಿವನ್ನು ಮಸೆದು ಹರಿತ ಮಾಡುವುದು ಎಂದೆ. ಮಕ್ಕಳು ಮುಖಮುಖ ನೋಡಿಕೊಂಡರು. ಒಬ್ಬಳು ಕೇಳಿಯೇಬಿಟ್ಟಳು. "ಸರ್, ನಮ್ಮ ಹಸಿವಿ ಮೊದಲ ಹರಿತ ಇರತೈತಿ. ಮತ್ತ ಮಸಿಯೂದು ಯಾಕ್ರಿ?" ಉದಾಹರಣೆ ಸಿಕ್ಕಾಗ ಹೇಳುತ್ತೇನೆ ಎಂದು ಅದನ್ನು ಹಾಗೇ ಬಿಟ್ಟೆ.

ಆಮೇಲೆ ಬಂದದ್ದು ವರ್ಕ್ ಅಪ್ ಎನ್ ಅಪೆಟೈಟ್. ಓಡಾಡಿ, ದುಡಿದು, ಬೆವರಿಳಿಸಿ ಹಸಿವು ತಂದುಕೊಳ್ಳುವುದು. ಇದನ್ನು ಬಾಯಲ್ಲಿ ಹೇಳುವುದೇಕೆ, ಮಾಡಿಯೇ ತೋರಿಸೋಣ ಎಂದು ಮರುದಿನ ಇಡೀ ಕ್ಲಾಸನ್ನು ಊರ ಹೊರಗಿನ ನಿಂಬೆ ತೋಟದವರೆಗೆ ಓಡಿಹೋಗಿ ಬರಲು ಕಳಿಸಿದೆ. ನಾನು ಖಾಲಿ ಬೆಂಚುಗಳ ಮುಂದೆ ಕುರ್ಚಿಯಲ್ಲಿ ಕೂತಿದ್ದೆ. ಆಗ ತಪಾಸಣೆಗೆ ಸಾಹೇಬರು ಬಂದರು.

ಸಾಹೇಬರು ಮೈಸೂರು ಕಡೆಯವರು. ಕಡ್ಡಿಯಂಥ ಮೈ, ಇಸ್ತ್ರಿ ಮುರಿಯದ ಅಂಗಿ. ಬೆಂಚು ನೋಡಿದರು, ನನ್ನನ್ನು ನೋಡಿದರು.

"ಏನ್ರೀ ಮೇಷ್ಟ್ರೇ, ಹುಡುಗರೆಲ್ಲಿ?"

"ಅಪೆಟೈಟ್ ವರ್ಕ್ ಅಪ್ ಮಾಡಾಕ ಹೋಗ್ಯಾರ್ರಿ ಸಾಹೇಬ್ರ."

ಅಷ್ಟರಲ್ಲಿ ಕ್ಲಾಸು ಮರಳಿತು. ನಲವತ್ತು ಮಂದಿ ಬೆವರು ಸುರಿಸುತ್ತ ಒಳನುಗ್ಗಿ, ಸಾಹೇಬರಿಗೆಂದು ಇಟ್ಟಿದ್ದ ತಂಬಿಗೆ ನೀರನ್ನು ಒಂದೇ ಏಟಿಗೆ ಮುಗಿಸಿದರು. ಸಾಹೇಬರು ಮುಂದಿನ ಸಾಲಿನವನನ್ನು ನಿಲ್ಲಿಸಿ, "ಇವತ್ತು ಏನು ಕಲಿತೆ?" ಎಂದು ಕೇಳಿದರು. ಅವನು ಏದುಸಿರಿನಲ್ಲೇ ಹೇಳಿದ. "ಸರ್, ಅಪೆಟೈಟ್ ಬಂದೈತ್ರಿ. ರೊಟ್ಟಿ ಗಂಟು ಬಿಚ್ಚಲೇನ್ರಿ?"

ಸಾಹೇಬರು ನಗಲಿಲ್ಲ. ನನ್ನ ಫೈಲು ತರಿಸಿ ಕೆಂಪು ಶಾಯಿಯಲ್ಲಿ ಷರಾ ಬರೆದರು. "ಈ ಶಿಕ್ಷಕರು ಇಂಗ್ಲಿಷ್ ಪಾಠ ಬಿಟ್ಟು ಊಟದ ಪಾಠ ಮಾಡುತ್ತಾರೆ. ಕಾಯಂ ಮಾಡಲು ತಕ್ಕವರಲ್ಲ."

ಕಾಯಂ ಆಗದ ಮಾಸ್ತರನಿಗೆ ನಮ್ಮ ಕಡೆ ಕನ್ಯಾ ಕೊಡುವವರಿಲ್ಲ. ಅವ್ವ ನೋಡಿಟ್ಟಿದ್ದ ಒಂದು ಮನೆಯವರು ಷರಾದ ಸುದ್ದಿ ಕೇಳಿ ಬರುವುದನ್ನೇ ಬಿಟ್ಟರು. ಅವ್ವ ಮಾತ್ರ ಇದನ್ನು ತಪ್ಪೆಂದು ಒಪ್ಪಲೇ ಇಲ್ಲ. "ಊಟದ ಪಾಠ ಹೇಳಿದ್ರ ತಪ್ಪೇನೋ? ಆ ಸಾಹೇಬ ಏನ್ ಗಾಳಿ ಉಣ್ಣತಾನೇನು?" ಎಂದು ವರ್ಷವಿಡೀ ಕೇಳುತ್ತಿದ್ದಳು.

೨. ಸಿಂದಗಿ: ಮೂರನೇ ಹೊಲ

ಸಿಂದಗಿಗೆ ಹೋದ ವರ್ಷ ಎಳ್ಳಮಾವಾಸ್ಯೆಗೆ ಮೂರು ಮಂದಿ ಪಾಲಕರು ಹೊಲಕ್ಕೆ ಊಟಕ್ಕೆ ಕರೆದರು. ಆ ದಿನ ಊರೇ ಹೊಲದಲ್ಲಿರುತ್ತದೆ. ಬೆಳೆಗೆ ಚರಗ ಎಂದು ಎಡೆಯ ತುತ್ತು ಚೆಲ್ಲಿ, ಬನ್ನಿ ಮರದ ಬುಡದಲ್ಲಿ ಸಾಲಾಗಿ ಕೂತು ಉಣ್ಣುವುದು. ಒಬ್ಬರಿಗೆ ಹೂಂ ಎಂದು ಇನ್ನೊಬ್ಬರಿಗೆ ಒಲ್ಲೆ ಎಂದರೆ ಆ ಮಾತು ಮುಂದಿನ ಎಳ್ಳಮಾವಾಸ್ಯೆಯವರೆಗೂ ಉಳಿಯುತ್ತದೆ. ಮೂವರಿಗೂ ಹೂಂ ಎಂದೆ.

ಮೊದಲನೇ ಹೊಲದಲ್ಲಿ ಸಜ್ಜೆ ಕಡುಬು, ಬಜ್ಜಿ ಪಲ್ಯ, ಎಣ್ಣೆಗಾಯಿ. ಎರಡನೆಯದರಲ್ಲಿ ಅದೇ, ಮೇಲೆ ಶೇಂಗಾ ಹೋಳಿಗೆ. ಆಲಮೇಲದ ರಸ್ತೆಯ ಮೂರನೇ ಹೊಲಕ್ಕೆ ನಾನು ನಡೆದುಕೊಂಡು ಹೋಗಲಿಲ್ಲ, ಉರುಳಿಕೊಂಡು ಹೋದೆ. ಅಲ್ಲಿಯ ಯಜಮಾನ ನನ್ನ ಮುಂದೆ ತಾಟಿಟ್ಟು, ಕೈಯಲ್ಲಿ ಬುಟ್ಟಿ ಹಿಡಿದು ನಿಂತೇಬಿಟ್ಟ.

"ಸಾಕ್ರಿ," ಎಂದೆ.

"ಹೆಂಗ ಸಾಕ್ರಿ? ಇನ್ನ ಸುರು ಆಗಿಲ್ಲ," ಎಂದು ಎರಡು ಕಡುಬು ನೀಡಿದ.

"ಖರೇನ ಸಾಕ್ರಿ ಗೌಡ್ರ."

"ನಾಚ್ಕೋಬ್ಯಾಡ್ರಿ ಮಾಸ್ತರ," ಎಂದು ಇನ್ನೆರಡು ನೀಡಿದ.

ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಅವನು ಕೈಯ ಮೇಲೇ ನೀಡಿದ. ನಮ್ಮ ಕಡೆ ಹೀಗೆಯೇ. ಸಾಕು ಎಂಬ ಮಾತನ್ನು ಯಾರೂ ನಂಬುವುದಿಲ್ಲ. ಮೊದಲನೇ ಸಾಕು ಸಂಕೋಚ, ಎರಡನೆಯದು ರೂಢಿ, ಮೂರನೆಯದು ಇನ್ನಷ್ಟು ಹಾಕು ಎಂಬುದರ ಇನ್ನೊಂದು ರೀತಿ. ಉಸಿರು ಸಿಕ್ಕಿಹಾಕಿಕೊಂಡಂತಾಗಿ ನಾನು ಕೊನೆಗೆ ಕ್ಲಾಸಿನ ದನಿಯಲ್ಲಿ ಕೂಗಿಬಿಟ್ಟೆ. "ಐ ಹ್ಯಾವ್ ಲಾಸ್ಟ್ ಮೈ ಅಪೆಟೈಟ್!"

ಬುಟ್ಟಿ ಅಲ್ಲೇ ನಿಂತಿತು. ಯಜಮಾನನ ಮುಖ ಇಳಿಯಿತು.

"ಏ, ಮಾಸ್ತರ ಇಂಗ್ಲಿಷಿನ್ಯಾಗ ಹೇಳಾಕತ್ತಾರ. ಇದು ಖರೇನ ಐತಿ!"

ದವಾಖಾನೆಯ ಡಾಕ್ಟರು ರೋಗ ಕೈಮೀರಿದಾಗ ಮಾತ್ರ ಇಂಗ್ಲಿಷ್ ಆಡುವುದನ್ನು ಅವನು ಕಂಡಿದ್ದನಂತೆ. ಅವನ ಹೆಂಡತಿ ನನ್ನ ನಾಡಿ ಹಿಡಿದಳು, ಅವನ ತಮ್ಮ ಎತ್ತುಗಳನ್ನು ಗಾಡಿಗೆ ಹೂಡಿದ. ನನ್ನನ್ನು ಜೋಳದ ಸೊಪ್ಪಿಯ ಮೇಲೆ ಮಲಗಿಸಿ ಸಿಂದಗಿ ದವಾಖಾನೆಗೆ ಹೊಡೆದುಕೊಂಡು ಬಂದರು. ಏನೂ ಆಗಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದೆ. ಆದರೆ ಕನ್ನಡದಲ್ಲಿ ಹೇಳಿದೆ ನೋಡಿ, ಯಾರೂ ನಂಬಲಿಲ್ಲ.

ದವಾಖಾನೆಯ ಬಾಗಿಲಲ್ಲಿ ಕಂಪೌಂಡರ್ ಕೈ ಅಡ್ಡ ಹಿಡಿದ. "ಈಗ ಡಾಕ್ಟರು ಏಳೂದಿಲ್ರಿ. ನಾಕ್ ಹೊಲಕ್ಕ ಹೋಗಿ ಬಂದು ಮಕ್ಕೊಂಡಾರ."

ನಾನು ಮೂರರಲ್ಲೇ ಉಳಿದುಕೊಂಡಿದ್ದೆ. ಗೆದ್ದವನಂತೆ ಮನೆಗೆ ನಡೆದು ಹೋದೆ.

೩. ಮುದ್ದೇಬಿಹಾಳ: ಏಕಾದಶಿಯ ಕಂಟ್ರೋಲ್

ಮುದ್ದೇಬಿಹಾಳದ ಹೆಡ್‌ಮಾಸ್ತರರು ವೈಷ್ಣವರು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಏಕಾದಶಿಯ ದಿನ ಬಾಯಿಗೆ ನೀರಷ್ಟೇ. ಅವರ ಕೋಣೆಗೂ ನನ್ನ ಕ್ಲಾಸಿಗೂ ನಡುವೆ ಒಂದೇ ಒಂದು ಬಿದಿರಿನ ತಟ್ಟಿ. ಒಂದು ಏಕಾದಶಿ ಅತ್ತ ಅವರು ಹಾಜರಿ ಬರೆಯುತ್ತಿದ್ದರೆ ಇತ್ತ ಐವತ್ತು ಮಂದಿ "ಎ ಹಾರ್ಟಿ ಅಪೆಟೈಟ್! ಎ ಹಾರ್ಟಿ ಅಪೆಟೈಟ್!" ಎಂದು ಬಾಯಿಪಾಠ ಮಾಡುತ್ತಿದ್ದರು. ಉದಾಹರಣೆಗೆಂದು ಒಬ್ಬ ಮಾವಿನ ಹಣ್ಣಿನ ಸೀಕರಣೆ ಎಂದ, ಇನ್ನೊಬ್ಬ ಬಿಸಿ ಹೋಳಿಗೆ ಎಂದ.

ಹೆಡ್‌ಮಾಸ್ತರರು ತಟ್ಟಿ ಸರಿಸಿ ಬಂದರು. "ಮಾಸ್ತರ, ಇವತ್ತ ಏಕಾದಶಿ ಅದ. ಇವತ್ತಿಗೆ ತಕ್ಕ ಜೋಡಿ ನಿಮ್ಮ ಹತ್ರ ಇಲ್ಲೇನು?"

"ಅದ್ಯಾಕಿಲ್ರಿ? ಕಂಟ್ರೋಲ್ ಯುವರ್ ಅಪೆಟೈಟ್ ಐತ್ರಿ. ಹಸಿವೀನ ಹತೋಟಿಯೊಳಗ ಇಟ್ಕೊಳ್ಳೂದು."

"ಛಲೋ ಆತು. ಇವತ್ತೆಲ್ಲಾ ಅದನ್ನ ಹೇಳ್ರಿ."

ಐವತ್ತು ಗಂಟಲುಗಳಿಗೆ ಹೊಸ ಕೆಲಸ ಸಿಕ್ಕಿತು. "ಕಂಟ್ರೋಲ್ ಯುವರ್ ಅಪೆಟೈಟ್!" ಊಟದ ಬಿಡುವಿನವರೆಗೂ ತಟ್ಟಿ ಅದುರಿತು. ಬಿಡುವಿನ ಮೇಲೂ ಅದುರಿತು. ಮೂರು ಗಂಟೆಗೆ ಅವರು ಮತ್ತೆ ಬಂದರು. ಈ ಸಲ ತಟ್ಟಿಯನ್ನು ಸರಿಸಲೂ ಕೈಯಲ್ಲಿ ಶಕ್ತಿಯಿರಲಿಲ್ಲ, ಸಂದಿಯಲ್ಲೇ ಮುಖವಿಟ್ಟು ಹೇಳಿದರು.

"ಮಾಸ್ತರ, ಸಾಕು ಮಾಡ್ರಿ. ನೀವು ಕಂಟ್ರೋಲ್ ಅಂದಷ್ಟೂ ನನಗ ಹಸಿವಿ ಹೆಚ್ಚಾಗ್ಲಿಕತ್ತದ."

ಆಮೇಲೆ ಮನೆಯಿಂದ ಶೇಂಗಾ ಉಂಡಿ ತರಿಸಿದರು. "ಶೇಂಗಾ ಉಪವಾಸಕ್ಕ ನಡೀತದ," ಎಂದು ನಾನು ಕೇಳದೆಯೇ ನನಗೆ ಹೇಳಿದರು. ನನಗೂ ಒಂದು ಕೊಟ್ಟರು. ಅವತ್ತಿನಿಂದ ನಮ್ಮಿಬ್ಬರಿಗೂ ಗಳಸ್ಯ ಕಂಠಸ್ಯ.

ಆ ವರ್ಷ ನನ್ನ ಮಕ್ಕಳು ಇಂಗ್ಲಿಷಿನಲ್ಲಿ ಒಳ್ಳೆಯ ಮಾರ್ಕು ತಂದರು. ಹೆಡ್‌ಮಾಸ್ತರರು ನನ್ನ ಫೈಲು ತೆರೆದು, ಕೆಂಪು ಷರಾದ ಮೇಲೆ ಬೆರಳಿಟ್ಟರು. "ನಾ ನಾಕು ಒಳ್ಳೆ ಮಾತು ಬರೀಬಹುದು. ಆದ್ರ ಈ ಷರಾ ನನಗ ಹೊಡದು ಹಾಕ್ಲಿಕ್ಕೆ ಬರೂದಿಲ್ಲ. ಬರದ ಕೈನ ಅದನ್ನ ಹೊಡದು ಹಾಕಬೇಕು. ಆ ಕೈ ಎಲ್ಲಿ ಅದನೋ ಏನೋ."

೪. ಬಸವನ ಬಾಗೇವಾಡಿ: ಬರೆದ ಕೈ

ಬಾಗೇವಾಡಿಯಲ್ಲಿ ನನ್ನ ನಾಲ್ಕನೇ ವರ್ಷ. ಈ ಸಲ ಕಾಯಂ ಆಗದಿದ್ದರೆ ಹೊಸ ಮಂದಿಯನ್ನು ತೆಗೆದುಕೊಳ್ಳುತ್ತಾರೆ, ಹಳೆಯ ಹಂಗಾಮಿಗಳು ಮನೆಗೆ ಎಂಬ ಸುದ್ದಿ ಹಬ್ಬಿತ್ತು. ಆಗ ತಪಾಸಣೆಗೆ ಬಂದ ಜೀಪಿನಿಂದ ಇಳಿದವರು ಅದೇ ಸಾಹೇಬರು. ಅದೇ ಕಡ್ಡಿ ಮೈ, ಅದೇ ಇಸ್ತ್ರಿ ಅಂಗಿ. ನನ್ನನ್ನು ನೋಡಿದ್ದೇ ಗುರುತು ಹಿಡಿದರು.

"ಓಹೋ, ಊಟದ ಪಾಠದ ಮೇಷ್ಟ್ರು. ಇನ್ನೂ ಅದೇ ಪಾಠವೋ?"

"ಇನ್ನೂ ಅದೇ ಪಾಠರಿ," ಎಂದೆ. ಸುಳ್ಳು ಹೇಳಿ ಉಳಿಯುವುದಕ್ಕಿಂತ ನಿಜ ಹೇಳಿ ಮನೆಗೆ ಹೋಗುವುದು ವಾಸಿ ಎನ್ನಿಸಿತ್ತು. ಅವರು ನನ್ನ ಫೈಲನ್ನು ಬಗಲಿಗೆ ಸೇರಿಸಿಕೊಂಡು, "ಮಧ್ಯಾಹ್ನ ಮಸೂತಿ ಹಳ್ಳಿಯ ಶಾಲೆಗೆ ಹೋಗಬೇಕು, ನೀವೂ ಬನ್ನಿ. ದಾರಿಯಲ್ಲಿ ನೋಡೋಣ," ಎಂದರು. ನಾನು ಜೀಪು ಹತ್ತಿದೆ.

ಮಸೂತಿಯಲ್ಲಿ ಒಬ್ಬ ಅಜ್ಜ ರೈತ ಸಾಲಿಯ ಬಾಗಿಲಲ್ಲೇ ಕಾದಿದ್ದ. ಅವನ ಮೊಮ್ಮಗಳು ನನ್ನ ಒಂಬತ್ತನೇ ಕ್ಲಾಸಿನವಳು. ಆ ಮನೆಯಿಂದ ಹೈಸ್ಕೂಲಿಗೆ ಹೋದ ಮೊದಲನೆಯವಳು. "ಸಾಹೇಬ್ರು ಉಣಲಾರದ ಹ್ವಾದ್ರ ನಮ್ಮೂರ ಮರ್ಯಾದಿ ಹೋತು," ಎಂದು ಅಜ್ಜ ಕೈ ಮುಗಿದ. ಸಾಹೇಬರ ಇಂಗ್ಲಿಷ್ ತಿಳಿಯಲು ಯಾರಾದರೂ ಬೇಕಲ್ಲ ಎಂದು ಮೊಮ್ಮಗಳನ್ನು ಅವತ್ತು ಮನೆಯಲ್ಲೇ ಉಳಿಸಿಕೊಂಡಿದ್ದ.

ಅಜ್ಜನ ಮನೆಯಲ್ಲಿ ಹೋಳಿಗೆ, ಹಾಲು, ತುಪ್ಪ, ಕಟ್ಟಿನ ಸಾರು. ಸಾಹೇಬರು ಮಾಡಿದ ತಪ್ಪು ಒಂದೇ. ತಮ್ಮ ಕಡೆಯ ಮರ್ಯಾದೆಯಂತೆ ತಾಟನ್ನು ಬೇಗ ಬೇಗ ಖಾಲಿ ಮಾಡಿದರು. ನಮ್ಮ ಕಡೆ ಖಾಲಿ ತಾಟು ಎಂದರೆ ಹಸಿದ ತಾಟು. ಅಜ್ಜಿ ಇನ್ನೆರಡು ಹೋಳಿಗೆ ಹಾಕಿದಳು. ಅದನ್ನೂ ಮುಗಿಸಿದರು. ಇನ್ನೆರಡು ಬಿದ್ದವು.

"ಸಾಕಮ್ಮ, ಸಾಕು."

"ಹೌದ್ರಿ ಹೌದ್ರಿ, ಇದೊಂದ," ಎಂದು ಅಜ್ಜಿ ಎರಡು ಹಾಕಿದಳು. ಅಜ್ಜ ಅದರ ಮೇಲೆ ಸೌಟಿನಿಂದ ತುಪ್ಪ ಸುರಿದ. ಸಾಹೇಬರು ಕೈ ಅಡ್ಡ ಹಿಡಿದರು. ತುಪ್ಪ ಕೈಯ ಮೇಲೆ ಹರಿದು ಅಂಗಿಯ ತೋಳಿಗೆ ಇಳಿಯಿತು. ಇಸ್ತ್ರಿ ಮೊದಲ ಸಲ ಮುರಿಯಿತು.

ಕೊನೆಗೆ ಅವರೂ ಇಂಗ್ಲಿಷಿಗೆ ಬಂದರು. "ಇನಫ್! ಇನಫ್! ನೋ ಮೋರ್!"

ಅಜ್ಜ ಮೊಮ್ಮಗಳ ಕಡೆ ತಿರುಗಿದ. "ಏನಂದ್ರ ಅವರು?"

"ಸಾಕು ಅಂದ್ರು ಅಜ್ಜಾ."

"ಸಾಕು ಅಂತ ಎಲ್ಲಾರೂ ಅಂತಾರ. ನೀಡ ನೀಡ," ಎಂದ ಅಜ್ಜ. ಇನ್ನೆರಡು ಬಿದ್ದವು.

ಸಾಹೇಬರು ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಾಲ್ಕು ವರ್ಷ ನನಗೆ ಕನ್ಯಾ ಸಿಗದಂತೆ ಮಾಡಿದ ಮನುಷ್ಯ ಕಣ್ಣಲ್ಲೇ ಅಂಗಲಾಚುತ್ತಿದ್ದರು.

"ಮೇಷ್ಟ್ರೇ, ಏನಾದರೂ ಮಾಡಿ."

"ನನ್ನಿಂದ ಆಗೂದಿಲ್ರಿ ಸಾಹೇಬ್ರ. ನಾ ಕಲಿಸಿದಾಕಿ ಅಲ್ಲೇ ನಿಂತಾಳ, ಕೇಳ್ರಿ."

ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಕೆ ಕೈ ಕಟ್ಟಿ ನಿಂತು, ಕ್ಲಾಸಿನಲ್ಲಿ ಹೇಳುವಂತೆ ಗಟ್ಟಿಯಾಗಿ, "ಸಾಹೇಬ್ರ, ಹಿಂಗ ಅನ್ರಿ. ಐ ಹ್ಯಾಡ್ ಎ ಹಾರ್ಟಿ ಅಪೆಟೈಟ್," ಎಂದಳು.

"ಐ ಹ್ಯಾಡ್ ಎ ಹಾರ್ಟಿ ಅಪೆಟೈಟ್," ಎಂದರು ಸಾಹೇಬರು.

"ಯುವರ್ ಫುಡ್ ಹ್ಯಾಸ್ ಸ್ಯಾಟಿಸ್ಫೈಡ್ ಮೈ ಅಪೆಟೈಟ್."

"ಯುವರ್ ಫುಡ್ ಹ್ಯಾಸ್ ಸ್ಯಾಟಿಸ್ಫೈಡ್ ಮೈ ಅಪೆಟೈಟ್."

"ಅಜ್ಜಗ ಕೇಳಿಸಿಲ್ಲ. ಇನ್ನೊಮ್ಮಿ ಜೋರಲೆ ಅನ್ರಿ."

ಸಾಹೇಬರು ಇನ್ನೊಮ್ಮೆ ಜೋರಾಗಿ ಅಂದರು. ಹುಡುಗಿ ಅಜ್ಜನಿಗೆ ತಿಳಿಸಿದಳು. "ಸಾಹೇಬ್ರಿಗೆ ಭಾಳ ಗಡದ್ದ ಹಸಿವಿ ಆಗಿತ್ತಂತ ಅಜ್ಜಾ. ನಮ್ಮ ಮನಿ ಊಟ ಆ ಹಸಿವೀನ ಪೂರಾ ತೀರಿಸ್ತಂತ."

ಅಜ್ಜನ ಮುಖ ಅರಳಿತು. ಸೌಟನ್ನು ತಪ್ಪೇಲಿಯಲ್ಲಿಟ್ಟ.

"ಹಿಂಗ ಅನಬೇಕಲ್ಲ! ಬರೇ ಸಾಕು ಸಾಕು ಅಂದ್ರ ಊಟ ಸೇರವಲ್ದು ಅಂತ ತಿಳೀಬೇಕೋ, ನಾಚ್ಕೊಂಡಾರ ಅಂತ ತಿಳೀಬೇಕೋ? ಹಸಿದಿದ್ನಿ, ತೀರಿತು ಅಂದ್ರ ಮುಗೀತು. ಏಳ್ರಿ, ಕೈ ತೊಳೀರಿ."

ಏಳಲು ಆಗಲಿಲ್ಲ. ಒಂದು ರಟ್ಟೆ ನಾನು, ಇನ್ನೊಂದು ರಟ್ಟೆ ಜೀಪಿನ ಡ್ರೈವರು ಹಿಡಿದು ಎಬ್ಬಿಸಿದೆವು. ಕೈ ತೊಳೆದರೂ ತುಪ್ಪ ಪೂರ್ತಿ ಹೋಗಲಿಲ್ಲ. ಸಾಹೇಬರು ಕಟ್ಟೆಯ ಮೇಲೆ ಕೂತರು. ಆಮೇಲೆ ನನ್ನ ಫೈಲು ತೆರೆದರು, ಕೆಂಪು ಷರಾದ ಮೇಲೆ ಉದ್ದಕ್ಕೆ ಗೆರೆ ಎಳೆದರು, ಕೆಳಗೆ ಬರೆದರು. "ಸದರಿ ಊಟದ ಪಾಠವನ್ನು ಖುದ್ದು ಪರೀಕ್ಷಿಸಲಾಗಿದೆ. ಅತ್ಯಂತ ಉಪಯುಕ್ತ. ಇವರನ್ನು ತಕ್ಷಣ ಕಾಯಂ ಮಾಡತಕ್ಕದ್ದು." ಸಹಿಯ ಪಕ್ಕದಲ್ಲಿ ಹೆಬ್ಬೆಟ್ಟಿನಷ್ಟು ತುಪ್ಪದ ಕಲೆ ಬಿತ್ತು.

ಅಲ್ಲಿಂದ ಅವರು ತಪಾಸಣೆಗೆ ಕೊಲ್ಹಾರಕ್ಕೆ ಹೋಗಬೇಕಿತ್ತು. ಜೀಪು ಹೊರಡುವಾಗ ಕಿಟಕಿಯಲ್ಲಿ ಮುಖ ಹಾಕಿ ನೋಡಿದೆ. ಸಾಹೇಬರು ಕಣ್ಣು ಮುಚ್ಚಿಕೊಂಡು ಆ ಎರಡೂ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು.

ಹದಿನೈದು ದಿನಕ್ಕೆ ಜಿಲ್ಲಾ ಆಫೀಸಿನಿಂದ ನನಗೆ ಕರೆ ಬಂತು. ನನ್ನ ಫೈಲು ಅಲ್ಲಿಯ ಗುಮಾಸ್ತರ ಮೇಜಿನ ಮೇಲೆ ತೆರೆದು ಬಿದ್ದಿತ್ತು.

"ಏನ್ರಿ ಮಾಸ್ತರ, ಸರಕಾರಿ ಕಾಗದದ ಮ್ಯಾಲ ಎಣ್ಣಿ ಕಲಿ? ಇದು ನಡಿಯೂದಿಲ್ರಿ."

"ಎಣ್ಣಿ ಅಲ್ರಿ, ತುಪ್ಪ. ಸಾಹೇಬ್ರ ಕೈಯಿಂದ ಬಿದ್ದದ್ದು."

ಅವರು ನಂಬಲಿಲ್ಲ. ಕಾಗದವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಕಣ್ಣು ಮುಚ್ಚಿದರು. ಇನ್ನೊಮ್ಮೆ ಮೂಸಿದರು.

"ಆಕಳ ತುಪ್ಪ! ಹೋಳಿಗಿ ವಾಸನಿನೂ ಬರಾಕತ್ತೈತಲ್ರಿ. ಊಟದ ಸೂಟಿಗೆ ಇನ್ನ ಒಂದ್ ತಾಸೈತಿ, ಈಗ ನನಗ ಹಸಿವಿ ತಡ್ಯಾಕ ಆಗವಲ್ದು. ಏನ್ ಮಾಡಿದ್ರಿ ಮಾಸ್ತರ!"

ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಾಲ್ಕು ವರ್ಷದಿಂದ, ನಾಲ್ಕು ಊರಿನಲ್ಲಿ ಸಿಗದಿದ್ದ ಉದಾಹರಣೆ ಇಲ್ಲಿ ಕೂತಿತ್ತು.

"ಇದಕ್ಕ ವ್ಹೆಟ್ ದಿ ಅಪೆಟೈಟ್ ಅಂತಾರ್ರಿ! ಹಸಿವೀನ ಮಸಿಯೂದು!" ಎಂದು ಕೂಗಿದೆ. ಇಡೀ ಆಫೀಸು ತಿರುಗಿ ನೋಡಿತು.

ಗುಮಾಸ್ತರು ಕಾಯಂ ಹುಕುಮಿನ ಮೇಲೆ ದಬಕ್ಕನೆ ಶಿಕ್ಕಾ ಒತ್ತಿ ನನ್ನ ಕೈಗಿಟ್ಟರು. ಮರುಕ್ಷಣವೇ ಮೇಜಿನ ಕೆಳಗಿನಿಂದ ಡಬ್ಬಿ ತೆಗೆದು ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಬರ್ರಿ ಮಾಸ್ತರ, ಕೂಡೇ ಉಣ್ಣೂಣು," ಎಂದು ಒಂದು ರೊಟ್ಟಿ ನನ್ನ ಮುಂದಿಟ್ಟರು.

"ಸಾಕ್ರಿ," ಎಂದೆ.

ಇನ್ನೊಂದು ಇಟ್ಟರು.

ನಾನು ಇಂಗ್ಲಿಷ್ ಎತ್ತಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಖರೇ ಖರೇ ಹಸಿವಾಗಿತ್ತು.